ಬೆಂಕಿ ಬೇಡುವ ಹಣ್ಣು

ಎಲ್ಡರ್‌ಬೆರಿ ಗಿಡ ತೋಟವನ್ನು ಕೇಳುವುದಿಲ್ಲ. ರೈಲು ಹಳಿಯ ಏರಿ, ಹಳೆಯ ಕೊಟ್ಟಿಗೆಯ ಹಿಂಬದಿ, ಹೊಲದ ಬೇಲಿಸಾಲು, ಬಾಗಿಲು ಹಾಕಿದ ಕಾರ್ಖಾನೆಯ ಕಾಂಪೌಂಡು, ಹೀಗೆ ಎಲ್ಲಿ ಮಣ್ಣಿನಲ್ಲಿ ಸಾರಜನಕ ಹೆಚ್ಚಿದೆಯೋ ಅಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ. ಬೀಜ ತಂದು ಉದುರಿಸುವುದು ಹಕ್ಕಿಗಳ ಕೆಲಸ. ಗೊಬ್ಬರಗುಂಡಿಯ ಪಕ್ಕದಲ್ಲಿ ಹುಟ್ಟಿದ್ದಂತೂ ಕೆಲವೇ ವರ್ಷಗಳಲ್ಲಿ ಮಾಡಿನೆತ್ತರ ಬೆಳೆದುಬಿಡುತ್ತದೆ. ನಾನಿರುವ ಹ್ಯಾಂಬರ್ಗಿನ ಹೊರವಲಯದಲ್ಲಿ ಬೇಸಿಗೆ ಮುಗಿಯುತ್ತ ಬಂದಂತೆ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ, ಈ ಗಿಡಗಳ ಕೊಂಬೆಗಳು ಕಪ್ಪು ಗೊಂಚಲುಗಳ ಭಾರಕ್ಕೆ ಬಾಗಿರುತ್ತವೆ. ಹಣ್ಣು ಕಾಳುಮೆಣಸಿಗಿಂತ ತುಸು ದೊಡ್ಡದು, ಮುಟ್ಟಿದರೆ ಬೆರಳಿಗೆ ನೇರಳೆ ಬಣ್ಣ. ಕೊಯ್ಯುವವರು ಯಾರಿಗೂ ಕಾಸು ಕೊಡಬೇಕಿಲ್ಲ. ಆದರೂ ಬಹಳಷ್ಟು ಗೊಂಚಲುಗಳು ಕೇಳುವವರಿಲ್ಲದೆ ಗಿಡದಲ್ಲೇ ಒಣಗುತ್ತವೆ. ಅದೇ ಊರಿನ ಔಷಧದಂಗಡಿಯಲ್ಲಿ ಅದೇ ಹಣ್ಣಿನ ರಸ ಪುಟ್ಟ ಶೀಸೆಯೊಳಗೆ ಕುಳಿತು ದುಬಾರಿ ಬೆಲೆಗೆ ಮಾರಾಟವಾಗುತ್ತಿರುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ರಸವನ್ನು ಮನೆಯಲ್ಲೇ ಮಾಡಬಹುದು, ಮಾಡಬೇಕು, ಮಾಡಿದವರಿಗಷ್ಟೇ ಈ ಹಣ್ಣಿನ ನಿಜವಾದ ಗುಣ ತಿಳಿಯುತ್ತದೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕರ್ನಾಟಕದ ಬೇಲಿಗಳಲ್ಲಿ ಈ ಗಿಡ ಕಾಣುವುದಿಲ್ಲ. ಹೆಸರು ಮಾತ್ರ ನಮ್ಮ ಮನೆಗಳೊಳಗೆ ಎಂದೋ ಬಂದಿದೆ. ಎಳೆಯ ಮಕ್ಕಳಿಗೆ ಮೂಗು ಕಟ್ಟಿ ರಾತ್ರಿ ನಿದ್ದೆ ಬಾರದಾಗ ಹೋಮಿಯೋಪತಿ ಡಾಕ್ಟರು ಕೊಡುವ ಸಿಹಿ ಗುಳಿಗೆಗಳಲ್ಲಿ ‘ಸ್ಯಾಂಬುಕಸ್ ನೈಗ್ರಾ’ ಎಂಬುದೊಂದಿದೆ. ಅದು ಈ ಗಿಡದ ಸಸ್ಯಶಾಸ್ತ್ರೀಯ ಹೆಸರು. ಸ್ಥಿರವಿದ್ಯುತ್ತಿನ ಪಾಠದಲ್ಲಿ ದಾರಕ್ಕೆ ಕಟ್ಟಿ ತೂಗುಬಿಡುವ ಬೆಂಡಿನ ಗುಂಡನ್ನು ಯುರೋಪಿನಲ್ಲಿ ಮಾಡುತ್ತಿದ್ದುದು ಇದರ ಕೊಂಬೆಯೊಳಗಿನ ಹಗುರವಾದ ಬಿಳಿ ತಿರುಳಿನಿಂದ. ಗಡಿಯಾರ ರಿಪೇರಿ ಮಾಡುವವರು ಸೂಕ್ಷ್ಮ ಭಾಗಗಳ ಎಣ್ಣೆಜಿಡ್ಡು ತೆಗೆಯುವುದಕ್ಕೂ ಅದೇ ತಿರುಳು. ಈಚೆಗೆ, ಕೋವಿಡ್ ಬಂದು ಹೋದ ಮೇಲೆ, ಆನ್‌ಲೈನ್ ಅಂಗಡಿಗಳಲ್ಲಿ ಎಲ್ಡರ್‌ಬೆರಿ ಸಿರಪ್, ಎಲ್ಡರ್‌ಬೆರಿ ಗಮ್ಮಿ ಎಂದು ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ನಮ್ಮವರೂ ಕೊಳ್ಳುತ್ತಿದ್ದಾರೆ. ಹಣ್ಣನ್ನು ನೋಡದವರ ಬಾಯಿಗೂ ಹಣ್ಣಿನ ಹೆಸರು ಬಂತು. ಆ ಹಣ್ಣು ಬೆಂಕಿ ಕಾಣದೆ ಹೊಟ್ಟೆಗೆ ಹೋಗಬಾರದು ಎಂಬ ಮಾತು ಮಾತ್ರ ಜೊತೆಗೆ ಬರಲಿಲ್ಲ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅದನ್ನೇ. ಈ ಗಿಡದ ಎಲೆ, ತೊಗಟೆ, ಎಳೆಯ ಕಾಂಡ, ಹಸಿರು ಕಾಯಿ, ಹಣ್ಣಿನೊಳಗಿನ ಬೀಜ ಇಷ್ಟರಲ್ಲೂ ಸ್ಯಾಂಬುನಿಗ್ರಿನ್ ಎಂಬ ವಸ್ತು ಇದೆ. ಜಜ್ಜಿದಾಗ, ಅರೆದಾಗ, ಅಗಿದಾಗ ಅದು ಒಡೆದು ಸಯನೈಡನ್ನು ಬಿಡುತ್ತದೆ. ಪೂರ್ತಿ ಮಾಗಿದ ಹಣ್ಣಿನಲ್ಲಿ ಅದರ ಪ್ರಮಾಣ ಇಳಿದಿರುತ್ತದೆ, ಆದರೂ ಒಂದು ಹಿಡಿ ಹಸಿ ಹಣ್ಣು ತಿಂದರೆ ಹೊಟ್ಟೆ ತೊಳಸಿ ವಾಂತಿ ಭೇದಿ ಆಗಬಹುದು. 1983ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆ ಪ್ರಾಂತ್ಯದಲ್ಲಿ ಹೊರಗೆ ಶಿಬಿರ ಹೂಡಿದ್ದ ಒಂದು ಗುಂಪು ಅಲ್ಲಿಯ ಕಾಡು ಎಲ್ಡರ್‌ಬೆರಿಯ ರಸ ಹಿಂಡಿ ಕುಡಿಯಿತು. ಹಣ್ಣಿನ ಜೊತೆಗೆ ಎಲೆಯೂ ಕಡ್ಡಿಯೂ ಜಜ್ಜಿಹೋಗಿದ್ದವು, ರಸವನ್ನು ಕುದಿಸಿರಲಿಲ್ಲ. ಕುಡಿದ ಕೆಲವೇ ನಿಮಿಷಗಳಲ್ಲಿ ವಾಂತಿ, ತಲೆಸುತ್ತು, ಕೈಕಾಲು ಜೋಮು ಶುರುವಾಯಿತು. ಎಂಟು ಜನರನ್ನು ವಾಯುಮಾರ್ಗವಾಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಎಲ್ಲರೂ ಚೇತರಿಸಿಕೊಂಡರು. ಅಮೆರಿಕದ ರೋಗನಿಯಂತ್ರಣ ಕೇಂದ್ರ ಮರುವರ್ಷ ಇದನ್ನು ವರದಿ ಮಾಡಿತು. ರಸ ಮಾಡಲು ಹೊರಟವರೆಲ್ಲ ಆ ಸಂಗತಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹೆದರಿ ಕೈಬಿಡಬೇಕಾದ ಹಣ್ಣೇನೂ ಅಲ್ಲ. ಚೆನ್ನಾಗಿ ಕುದಿಸಿದರೆ ಸ್ಯಾಂಬುನಿಗ್ರಿನ್ ಮುರಿದುಬೀಳುತ್ತದೆ, ಆವಿಯ ಜೊತೆ ಹೋಗುವುದು ಹೋಗುತ್ತದೆ. ನಾನು ಶಿರಸಿ ಸೀಮೆಯವಳು, ನನಗೆ ಇದು ಹೊಸ ಪಾಠ ಅನಿಸಲಿಲ್ಲ. ಮಳೆಗಾಲದಲ್ಲಿ ಬಿದಿರುಮೆಳೆಯಿಂದ ತಂದ ಕಳಲೆಯನ್ನು ನಮ್ಮಲ್ಲಿ ಯಾರೂ ಆ ದಿನವೇ ಪಲ್ಯ ಮಾಡುವುದಿಲ್ಲ. ಸಿಪ್ಪೆ ಬಿಡಿಸಿ, ಹೆಚ್ಚಿ, ನೀರಿನಲ್ಲಿ ಮುಳುಗಿಸಿ, ದಿನಾ ಆ ನೀರು ಚೆಲ್ಲಿ ಬೇರೆ ನೀರು ಹಾಕಿ, ಮೂರನೆಯ ದಿನಕ್ಕೆ ಬೇಯಿಸಲು ತೆಗೆಯುತ್ತಾರೆ. ಕಳಲೆಯಲ್ಲಿ ಇರುವ ಟ್ಯಾಕ್ಸಿಫಿಲಿನ್ ಕೂಡ ಇದೇ ಕುಲದ ವಿಷ, ಅದೂ ಒಡೆದರೆ ಸಯನೈಡೇ. ಆ ಹೆಸರು ಗೊತ್ತಿಲ್ಲದ ಕಾಲದಿಂದಲೂ ನೀರು ಬದಲಿಸುವ ಕ್ರಮ ಗೊತ್ತಿತ್ತು. ಫೋನಿನಲ್ಲಿ ಆಯಿಗೆ ಎಲ್ಡರ್‌ಬೆರಿಯ ವಿಷಯ ಹೇಳಿದಾಗ ಅವಳು ಎರಡನೆಯ ಪ್ರಶ್ನೆ ಕೇಳಲಿಲ್ಲ. “ಹಾಂಗಾರೆ ನಮ್ಮ ಕಳಲೆ ಇದ್ದಾಂಗೇ ಅದೂ. ಚೊಲೋ ಕುದಿಸ್ದೇ ಕುಡಿಯಡ ಕೂಸೇ” ಅಂದಳು. ಜರ್ಮನಿಯ ಅಡುಗೆ ಪುಸ್ತಕಗಳು ಒಂದು ಪುಟ ಹೇಳುವುದನ್ನು ಆಯಿ ಒಂದು ಉಸಿರಿಗೆ ಹೇಳಿ ಮುಗಿಸಿದ್ದಳು.

ನನಗೆ ಕೈಹಿಡಿದು ಕಲಿಸಿದವರು ಪಕ್ಕದ ಮನೆಯ ವಯಸ್ಸಾದ ಹೆಂಗಸು. ಉತ್ತರ ಜರ್ಮನಿಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ಅವರ ಬಾಲ್ಯದಲ್ಲಿ ಪ್ರತಿ ರೈತನ ಮನೆಯ ಕೊಟ್ಟಿಗೆ ಪಕ್ಕಕ್ಕೆ ಒಂದು ಹೊಲುಂಡರ್ ಗಿಡ (ಎಲ್ಡರ್‌ಬೆರಿಗೆ ಜರ್ಮನ್ ಹೆಸರು) ಇದ್ದೇ ಇರುತ್ತಿತ್ತಂತೆ. ಅದನ್ನು ಕಡಿಯುತ್ತಿರಲಿಲ್ಲ. ಮನೆ ಕಾಯುವ ಹೆಣ್ಣು ಚೇತನವೊಂದು ಅದರಲ್ಲಿ ವಾಸವಾಗಿದೆ ಎಂಬ ನಂಬಿಕೆ ಜರ್ಮನಿಯಿಂದ ಡೆನ್ಮಾರ್ಕಿನವರೆಗೆ ಹಬ್ಬಿತ್ತು. ಡೆನ್ಮಾರ್ಕಿನಲ್ಲಿ ಅವಳಿಗೆ ಹುಲ್ದೆಮೋರ್ ಎಂದು ಹೆಸರು. ಕೊಂಬೆ ಕಡಿಯಬೇಕಾದರೆ ಮೊದಲು ಅವಳ ಅಪ್ಪಣೆ ಕೇಳಬೇಕು. ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1844ರ ಕೊನೆಗೆ ಬರೆದು ಪ್ರಕಟಿಸಿದ ಕಥೆಯೊಂದಕ್ಕೆ ಅವಳದೇ ಹೆಸರು. ಕಾಲು ಒದ್ದೆ ಮಾಡಿಕೊಂಡು ನೆಗಡಿ ಹಿಡಿದ ಹುಡುಗನಿಗೆ ತಾಯಿ ಇದರ ಹೂವಿನ ಚಹಾ ಮಾಡುತ್ತಾಳೆ, ಚಹಾದ ಪಾತ್ರೆಯೊಳಗಿನಿಂದಲೇ ಗಿಡ ಬೆಳೆದು ಹೂಬಿಟ್ಟು ಅದರ ನಡುವೆ ಅಜ್ಜಿಯೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಬನದ ಮರಕ್ಕೆ ಕೊಡಲಿ ಹಾಕಲು ಅಂಜುವ ಊರಿನಿಂದ ಬಂದ ನನಗೆ ಈ ನಂಬಿಕೆ ತೀರ ಪರಿಚಿತವಾಗಿ ಕಂಡಿತು. ಔಷಧ, ಹಣ್ಣು, ನೆರಳು ಮೂರನ್ನೂ ಕೊಡುವ ಗಿಡವನ್ನು ಜನ ದೇವರ ಕಾವಲಿಗೆ ಒಪ್ಪಿಸಿದ್ದರಲ್ಲಿ ವಿವೇಕ ಇತ್ತು ಎಂದೇ ನಾನು ನಂಬುತ್ತೇನೆ.

ಈ ಗಿಡದ ಹತ್ತಿರ ಮನುಷ್ಯ ವರ್ಷಕ್ಕೆ ಎರಡು ಸಲ ಹೋಗಬಹುದು. ಮೇ ಕೊನೆ, ಜೂನ್ ತಿಂಗಳಲ್ಲಿ ಅಂಗೈಯಗಲದ ಕೆನೆಬಣ್ಣದ ಹೂಗೊಂಚಲು. ಅದನ್ನು ನಿಂಬೆ, ಸಕ್ಕರೆಪಾಕದಲ್ಲಿ ನೆನೆಹಾಕಿದರೆ ಸಿರಪ್ ಆಗುತ್ತದೆ, ಹಿಟ್ಟಿನಲ್ಲಿ ಅದ್ದಿ ಕರಿದರೆ ಬವೇರಿಯಾದವರ ತಿಂಡಿ. ಆದರೆ ಜೂನಿನಲ್ಲಿ ಕೊಯ್ದ ಗೊಂಚಲು ಸೆಪ್ಟೆಂಬರಿನಲ್ಲಿ ಹಣ್ಣಾಗುವುದಿಲ್ಲ. ಹೂವೋ ಹಣ್ಣೋ ಎಂದು ಆಗಲೇ ತೀರ್ಮಾನಿಸಬೇಕು. ನಾನು ಹೂವನ್ನು ಸುಮ್ಮನೆ ಬಿಡುವವಳು. ಹೂವಿನ ಸಿರಪ್ ಎಲ್ಲರಿಗೂ ಇಷ್ಟ, ಅದಕ್ಕೆ ಶ್ರಮವೂ ಕಡಿಮೆ. ಹಣ್ಣಿನ ರಸಕ್ಕಿರುವ ಗಾಂಭೀರ್ಯ ಅದಕ್ಕಿಲ್ಲ.

ಕೊಯ್ಯುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಜರ್ಮನಿಯ ನಿಸರ್ಗ ಸಂರಕ್ಷಣಾ ಕಾಯ್ದೆಯ 39ನೆಯ ಪರಿಚ್ಛೇದದಂತೆ, ಪ್ರವೇಶಕ್ಕೆ ನಿಷೇಧವಿಲ್ಲದ ಜಾಗದಲ್ಲಿ ಕಾಡು ಹೂವು, ಹಣ್ಣು, ಅಣಬೆಗಳನ್ನು ಸ್ವಂತಕ್ಕೆ ಬೇಕಾದಷ್ಟು, ಅಲ್ಪ ಪ್ರಮಾಣದಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಮಾರಾಟಕ್ಕಾದರೆ ಅನುಮತಿ ಬೇಕು. ಸಂರಕ್ಷಿತ ವನಗಳಲ್ಲಿ ಮುಟ್ಟುವಂತಿಲ್ಲ. ಬೇರೆಯವರ ಹಿತ್ತಿಲಾದರೆ ಕೇಳಿಕೊಂಡು ಕೊಯ್ಯುವುದು ಯಾವ ದೇಶದಲ್ಲೂ ಇರುವ ಮರ್ಯಾದೆ. ವಾಹನ ಓಡಾಡುವ ದೊಡ್ಡ ರಸ್ತೆಯ ಅಂಚಿನ ಗಿಡ, ನಾಯಿಗಳನ್ನು ಅಡ್ಡಾಡಿಸುವ ದಾರಿಯ ತಗ್ಗಿನ ಕೊಂಬೆ ಬೇಡ.

ಗುರುತು ಹಿಡಿಯುವುದರಲ್ಲಿ ಮಾತ್ರ ಎಚ್ಚರ ಬೇಕು. ಇದರ ದಾಯಾದಿ ಗಿಡವೊಂದಿದೆ, ಕುಳ್ಳ ಎಲ್ಡರ್. ಅದರ ಕಾಯಿ ಹಣ್ಣು ಎರಡೂ ವಿಷ. ಅದು ಮರವಾಗುವುದಿಲ್ಲ, ಪ್ರತಿ ಚಳಿಗಾಲ ನೆಲಕ್ಕೆ ಬಾಡಿಹೋಗಿ ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ, ಆಳೆತ್ತರ ಬೆಳೆದರೆ ಹೆಚ್ಚು. ಎಲೆ ಉಜ್ಜಿದರೆ ಕೆಟ್ಟ ವಾಸನೆ. ಅದರ ಗೊಂಚಲು ಹಣ್ಣಾದ ಮೇಲೂ ಆಕಾಶ ನೋಡುತ್ತ ನಿಂತಿರುತ್ತದೆ. ನಮಗೆ ಬೇಕಾದ ಕಪ್ಪು ಎಲ್ಡರ್‌ಬೆರಿಗೆ ತೊಗಟೆ ಒಡೆದ ಗಟ್ಟಿ ಕಾಂಡ ಇರುತ್ತದೆ, ಹಣ್ಣು ತೂಕ ತುಂಬಿದಂತೆ ಗೊಂಚಲು ಕೆಳಗೆ ಜೋಲುತ್ತದೆ, ತೊಟ್ಟುಗಳು ಕೆಂಪಗಾಗುತ್ತವೆ. ಜೋಲಿದ ಗೊಂಚಲು, ಕೆಂಪು ತೊಟ್ಟು, ಒಂದೂ ಹಸಿರಿಲ್ಲದ ಕಪ್ಪು, ಈ ಮೂರೂ ಕೂಡಿದರೆ ಕತ್ತರಿ ಹಾಕಬಹುದು. ಅನುಮಾನ ಬಂದರೆ ಬಿಟ್ಟು ಮುಂದೆ ಹೋಗುವುದೇ ಸರಿ.

ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಪೂರ್ವ ಏಷ್ಯಾದಿಂದ ಬಂದ ಚುಕ್ಕೆರೆಕ್ಕೆಯ ಹಣ್ಣುನೊಣ 2008ರಲ್ಲಿ ಯುರೋಪಿನೊಳಗೆ ಕಾಣಿಸಿಕೊಂಡಿತು, 2011ರ ಹೊತ್ತಿಗೆ ಜರ್ಮನಿಯಲ್ಲೂ ಪತ್ತೆಯಾಯಿತು. ನಮ್ಮ ಮಾಮೂಲಿ ಹಣ್ಣುನೊಣ ಕೊಳೆತ ಹಣ್ಣನ್ನು ಹುಡುಕಿದರೆ ಇದು ಆಗಷ್ಟೇ ಮಾಗುತ್ತಿರುವ ಗಟ್ಟಿ ಹಣ್ಣಿನ ಸಿಪ್ಪೆಯನ್ನೇ ಕೊಯ್ದು ಒಳಗೆ ಮೊಟ್ಟೆ ಇಡುತ್ತದೆ. ಎಲ್ಡರ್‌ಬೆರಿ ಅದಕ್ಕೆ ಪ್ರಿಯ. ಹಾಗಾಗಿ ಗೊಂಚಲನ್ನು ಬೆಳಕಿಗೆ ಹಿಡಿದು ನೋಡಬೇಕು. ರಸ ಜಿನುಗಿ ಅಂಟಾಗಿದ್ದರೆ, ಹುಳಿವಾಸನೆ ಇದ್ದರೆ ಅದು ಬೇಡ. ಸೆಪ್ಟೆಂಬರಿನಲ್ಲಿ ಗುಂಪಾಗಿ ಬರುವ ಕಬ್ಬಕ್ಕಿಗಳ ಜೊತೆಯೂ ಪೈಪೋಟಿ ಇರುತ್ತದೆ. ಅವು ಇಳಿದ ಗಿಡದಲ್ಲಿ ಸಂಜೆಯೊಳಗೆ ಬರೀ ಕೆಂಪು ಕಡ್ಡಿ. ಪಕ್ಕದ ಮನೆಯವರು ಎಂದೂ ಏಣಿ ತರಲಿಲ್ಲ. ಕೈಗೆ ಎಟುಕಿದ್ದು ನಮಗೆ, ಮೇಲಿನದು ಅವಕ್ಕೆ ಎಂದು ಅವರ ಲೆಕ್ಕ. ದಕ್ಷಿಣಕ್ಕೆ ಹೊರಡುವ ಮೊದಲು ಮೈಗೆ ಕೊಬ್ಬು ತುಂಬಿಕೊಳ್ಳಬೇಕಾದ ಹಕ್ಕಿಗಳಿಗೆ ಈ ಹಣ್ಣು ದಾರಿಬುತ್ತಿ. ಆ ಲೆಕ್ಕವನ್ನು ನಾನೂ ಉಳಿಸಿಕೊಂಡಿದ್ದೇನೆ.

ಗೊಂಚಲು ಮನೆಗೆ ಬಂದ ಕೂಡಲೇ ಒಳಗೆ ತರಬಾರದು. ಹೊರಗೆ ಹಳೆಯ ಬಟ್ಟೆಯ ಮೇಲೆ ಹರವಿಟ್ಟರೆ ಒಳಗೆ ಮನೆ ಮಾಡಿಕೊಂಡ ಜೇಡ, ಇರುವೆ, ಸಣ್ಣ ಜೀರುಂಡೆಗಳು ತಾವಾಗಿ ಎದ್ದು ಹೋಗುತ್ತವೆ. ಆಮೇಲೆ ದೊಡ್ಡ ಬೋಗುಣಿಯಲ್ಲಿ ತೊಳೆಯುವುದು. ಆಮೇಲೆ ಶುರುವಾಗುತ್ತದೆ ಈ ಕೆಲಸದ ಹೃದಯಭಾಗ, ತೊಟ್ಟು ಬಿಡಿಸುವುದು.

ಒಂದು ಗೊಂಚಲನ್ನು ಎಡಗೈಯಲ್ಲಿ ತಲೆಕೆಳಗಾಗಿ ಹಿಡಿದು ಬಲಗೈಯ ಫೋರ್ಕಿನಿಂದ ಬುಡದಿಂದ ತುದಿಗೆ ಮೆಲ್ಲಗೆ ಬಾಚಬೇಕು. ಮಾಗಿದ ಹಣ್ಣು ತೊಪತೊಪನೆ ಉದುರುತ್ತದೆ, ಹಸಿರು ಕಾಯಿ ತೊಟ್ಟು ಬಿಡದೆ ಹಟ ಹಿಡಿಯುತ್ತದೆ. ಬಲ ಹಾಕಿದರೆ ಕಾಯಿಯೂ ಬರುತ್ತದೆ, ಕಡ್ಡಿಯೂ ಮುರಿದು ಬೀಳುತ್ತದೆ, ಎರಡೂ ಆಗಬಾರದ್ದು. ಆದ್ದರಿಂದ ಗಿಡವೇ ಬಿಟ್ಟುಕೊಡುವಷ್ಟನ್ನು ಮಾತ್ರ ತೆಗೆದುಕೊಳ್ಳುವ ಹದ ಕೈಗೆ ಬರಬೇಕು. ಬುಟ್ಟಿ ತುಂಬ ತಂದ ಗೊಂಚಲು ಬಿಡಿಸಿ ಮುಗಿಯಲು ಮಧ್ಯಾಹ್ನವಿಡೀ ಬೇಕು. ಅವಸರದವರಿಗೆ ಬೇರೆ ದಾರಿಯಿದೆ, ಗೊಂಚಲುಗಳನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟು ಮಾರನೆಯ ದಿನ ಗಟ್ಟಿಯಾಗಿ ಅಲುಗಿಸಿದರೆ ಹಣ್ಣೆಲ್ಲ ಉದುರುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ನಿಜಕ್ಕೂ ಅನುಕೂಲ, ನಾನೂ ಹಾಗೆ ಮಾಡಿದ್ದುಂಟು. ಆದರೆ ಹಾಗೆ ಉದುರಿದ್ದರಲ್ಲಿ ಹಸಿರು ಕಾಯಿಗಳೂ ಸೇರಿರುತ್ತವೆ, ಮತ್ತೆ ಕೂತು ಆರಿಸಲೇಬೇಕು. ಬಿಡಿಸಿದ ಹಣ್ಣನ್ನು ನೀರಿಗೆ ಹಾಕಿದರೆ ಜೊಳ್ಳು, ಒಣಗಿದ್ದು, ಹಸಿರು ಚೂರು ಮೇಲೆ ತೇಲುತ್ತವೆ, ಅವನ್ನು ಬಳಿದು ಚೆಲ್ಲುವುದು ಕೊನೆಯ ಶೋಧನೆ.

ನನ್ನ ಮಟ್ಟಿಗೆ ಫೋರ್ಕು ಹಿಡಿದ ಆ ಮಧ್ಯಾಹ್ನಗಳೇ ದೊಡ್ಡ ಲಾಭ. ಪಕ್ಕದ ಮನೆಯವರ ಅಡುಗೆಮನೆಯ ಉದ್ದ ಮೇಜು, ಎದುರುಬದುರು ನಾವಿಬ್ಬರು, ನಡುವೆ ಸ್ಟೀಲು ಪಾತ್ರೆ. ಜರ್ಮನ್ನರು ಮಾತು ಕಡಿಮೆಯವರು ಎಂದು ಕೇಳಿಕೊಂಡು ಬಂದವಳು ನಾನು. ಕೈಗೆ ಕೆಲಸ ಸಿಕ್ಕರೆ ಅವರ ಬಾಯಿಯೂ ಬಿಚ್ಚುತ್ತದೆ. ಯುದ್ಧ ಮುಗಿದ ವರ್ಷಗಳಲ್ಲಿ ಸಕ್ಕರೆ ಸಿಗದೆ ಈ ರಸವನ್ನು ಸಪ್ಪೆಯಾಗಿಯೇ ಶೀಸೆಗೆ ತುಂಬಿದ್ದು, ಹಣ್ಣು ಆರಿಸುವಾಗ ಅವರ ತಾಯಿ ಮಕ್ಕಳಿಗೆ ಹಾಡು ಹೇಳಿಸುತ್ತಿದ್ದುದು. ಹಾಡುವ ಬಾಯಿಗೆ ಹಣ್ಣು ಹೋಗುವುದಿಲ್ಲ ಎಂಬ ಉಪಾಯ ಅದು. ಹೀಗೆ ಒಂದೊಂದೇ ಸಂಗತಿ ಹೊರಗೆ ಬಂತು. ನಾನು ಹಲಸಿನ ತೊಳೆ ಬಿಡಿಸುವ ಅಂಗಳದ ಸುದ್ದಿ ಹೇಳಿದೆ. “ಒಂದು ಹಸಿರು ಕಾಯಿಯೂ ಉಳಿಯಬಾರದು ನೋಡಿ” ಎಂದು ಮಧ್ಯೆ ಮಧ್ಯೆ ಎಚ್ಚರಿಸುತ್ತಿದ್ದರು. ಮಾತು ಮುಗಿಯುವ ಮೊದಲೇ ಅವರ ಬೆರಳು ನನ್ನ ಪಾತ್ರೆಯೊಳಗಿನ ಹಸಿರನ್ನು ಹೆಕ್ಕಿ ಆಗಿರುತ್ತಿತ್ತು. ಪರದೇಶದಲ್ಲಿ ನೆರೆಯವರು ನಮ್ಮವರಾಗುವುದಕ್ಕೆ ಹಬ್ಬದೂಟಕ್ಕಿಂತ ಇಂಥ ಕೆಲಸವೇ ಹೆಚ್ಚು ನೆರವಾಗುತ್ತದೆ. ಊಟಕ್ಕೆ ಕರೆದಾಗ ಅವರು ಅತಿಥಿಯಾಗಿ ಬರುತ್ತಾರೆ, ಉಡುಗೊರೆ ತರುತ್ತಾರೆ, ಹೊತ್ತಿಗೆ ಸರಿಯಾಗಿ ಏಳುತ್ತಾರೆ. ಹಣ್ಣು ಬಿಡಿಸುವಲ್ಲಿ ಅತಿಥಿ ಯಾರೂ ಇರುವುದಿಲ್ಲ.

ರಸ ತೆಗೆಯಲು ಇಲ್ಲಿಯ ಮನೆಗಳಲ್ಲಿ ಒಂದು ಒಳ್ಳೆಯ ಪಾತ್ರೆಯಿದೆ. ಮೂರು ಅಂತಸ್ತಿನದು. ಕೆಳಗಿನದರಲ್ಲಿ ನೀರು. ನಡುವಿನದು ರಸ ಕೂಡಿಕೊಳ್ಳುವ ಪಾತ್ರೆ, ಅದರ ಮಧ್ಯೆ ಆವಿ ಮೇಲೇರಲು ಕೊಳವೆ, ಪಕ್ಕಕ್ಕೆ ರಬ್ಬರ್ ನಳಿಗೆ ಮತ್ತು ಅದಕ್ಕೊಂದು ಕ್ಲಿಪ್ಪು. ಮೇಲಿನದು ತೂತಿನ ಬುಟ್ಟಿ, ಅದರಲ್ಲಿ ಹಣ್ಣು, ಹಣ್ಣಿನ ಮೇಲೆ ಸ್ವಲ್ಪ ಸಕ್ಕರೆ, ಮೇಲೆ ಮುಚ್ಚಳ. ನೀರು ಕುದಿದು ಆವಿ ಹಣ್ಣಿನೊಳಗೆ ನುಗ್ಗಿದಂತೆ ಸಿಪ್ಪೆ ಬಿರಿದು ರಸ ನಡುವಿನ ಪಾತ್ರೆಗೆ ಇಳಿಯುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಹಿಂಡುವುದಿಲ್ಲ, ಅರೆಯುವುದಿಲ್ಲ, ಬೀಜ ಒಡೆಯುವುದಿಲ್ಲ, ಎಲ್ಲವನ್ನೂ ಆವಿ ನೋಡಿಕೊಳ್ಳುತ್ತದೆ. ಮೊದಲು ಬರುವ ಅರ್ಧ ಲೀಟರನ್ನು ಹಣ್ಣಿನ ಮೇಲೆಯೇ ಮರಳಿ ಸುರಿಯುವುದು ರೂಢಿ. ಮೊದಲ ರಸ ತೆಳು, ಸಾಕಷ್ಟು ಕಾದಿರುವುದೂ ಇಲ್ಲ. ಮರಳಿ ಸುರಿದರೆ ಎಲ್ಲ ಶೀಸೆಗೂ ಒಂದೇ ಹದ ಬರುತ್ತದೆ. ಬಿಡಿಸಿದ ಒಂದು ಕಿಲೋ ಹಣ್ಣಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ರಸ ಸಿಕ್ಕೀತು.

ಆ ಪಾತ್ರೆ ಇಲ್ಲದವರು ಕೈಕಟ್ಟಿ ಕೂರಬೇಕಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಹಣ್ಣು ಹಾಕಿ, ಮುಳುಗುವುದಕ್ಕಿಂತ ಕಡಿಮೆ ನೀರು ಹಾಕಿ, ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ ಕುದಿಸಿದರೆ ಹಣ್ಣು ತಾನಾಗಿ ಒಡೆಯುತ್ತದೆ. ತೆಳು ಪಂಚೆಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಇಳಿಯಲು ಬಿಡಬೇಕು. ಮಿಕ್ಸಿಗೆ ಹಾಕುವ ಆಸೆ ಬೇಡ, ಬೀಜ ಒಡೆದು ರಸ ಕಹಿಯಾಗುತ್ತದೆ, ಬೇಡದ್ದೆಲ್ಲ ಅದರಲ್ಲಿ ಸೇರುತ್ತದೆ. ಸೋಸಿದ ರಸಕ್ಕೆ ಲೀಟರಿಗೆ ನೂರು ಗ್ರಾಂ ಸಕ್ಕರೆ, ಒಂದು ನಿಂಬೆಯ ರಸ ಸೇರಿಸಿ ಮತ್ತೊಮ್ಮೆ ಕುದಿಸಬೇಕು. ನಿಂಬೆ ಬಿದ್ದ ಕ್ಷಣ ಕಪ್ಪಗಿದ್ದ ರಸದ ಅಂಚಿನಲ್ಲಿ ಮಾಣಿಕ್ಯದ ಕೆಂಪು ಏಳುತ್ತದೆ. ಈ ಹಣ್ಣಿನ ಬಣ್ಣ ಆಂಥೋಸಯನಿನ್‌ಗಳದ್ದು. ಹುಳಿ ಹೆಚ್ಚಾದಷ್ಟೂ ಅವು ಕೆಂಪಿಗೆ ತಿರುಗುತ್ತವೆ. ಹುಳಿಯಿಂದ ರಸ ಕೆಡದೆ ಉಳಿಯಲೂ ಅನುಕೂಲ, ಹಾಗಾಗಿ ನಿಂಬೆ ಬರೀ ರುಚಿಗೆಂದು ತಿಳಿದು ಬಿಡಬಾರದು.

ಶೀಸೆಗಳನ್ನು ಮೊದಲೇ ಕುದಿನೀರಿನಲ್ಲಿ ತೊಳೆದು ಬಿಸಿಯಾಗಿಯೇ ಇಟ್ಟಿರಬೇಕು. ತಣ್ಣನೆಯ ಗಾಜಿಗೆ ಸುಡುವ ರಸ ಬಿದ್ದರೆ ಚಟ್ಟೆಂದು ಸೀಳುತ್ತದೆ. ರಸವನ್ನು ಕುದಿಯುವ ಬಿಸಿಯಲ್ಲೇ ಬಾಯಿಮಟ್ಟ ತುಂಬಿ ತಕ್ಷಣ ಮುಚ್ಚಳ ಬಿಗಿಯುವುದು, ಅಲುಗಿಸದೆ ಆರಲು ಬಿಡುವುದು, ಆಮೇಲೆ ತಂಪಾದ ಕತ್ತಲ ಜಾಗ. ಹೀಗೆ ಮಾಡಿದ್ದು ಮುಂದಿನ ಸುಗ್ಗಿಯವರೆಗೆ ಬರುತ್ತದೆ. ತೆರೆದ ಶೀಸೆ ಫ್ರಿಜ್ಜಿಗೆ ಹೋಗಬೇಕು, ಒಂದು ವಾರದೊಳಗೆ ಮುಗಿಯಬೇಕು. ಮುಚ್ಚಳ ಉಬ್ಬಿದ್ದರೆ, ತೆರೆದಾಗ ನೊರೆ ಎದ್ದರೆ ಮರುಮಾತಿಲ್ಲದೆ ಚೆಲ್ಲಬೇಕು.

ಬಣ್ಣದ ಬಗ್ಗೆ ಇನ್ನೊಂದು ಮಾತು ಹೇಳದಿರಲಾರೆ. ಮೇಜಿನ ಬಟ್ಟೆ, ಉಗುರಿನ ಸಂದು, ಮರದ ಚಮಚ, ಮುಟ್ಟಿದ್ದಕ್ಕೆಲ್ಲ ಹಿಡಿಯುವ ಈ ನೇರಳೆಯ ಮೇಲೆ ಒಂದು ಕಾಲದಲ್ಲಿ ರಾಜ್ಯಾಡಳಿತದ ಕಣ್ಣೇ ಬಿದ್ದಿತ್ತು. ಪೋರ್ಚುಗಲ್ಲಿನ ಡೋರು ಕಣಿವೆಯಲ್ಲಿ ತೆಳುವಾದ ವೈನಿಗೆ ಎಲ್ಡರ್‌ಬೆರಿ ರಸ ಬೆರೆಸಿ ಗಾಢ ಬಣ್ಣ ಬರಿಸಿ ಪೋರ್ಟ್ ವೈನೆಂದು ಇಂಗ್ಲೆಂಡಿಗೆ ಕಳಿಸುವವರು ಹೆಚ್ಚಿದ್ದರು. ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ 1756ರಲ್ಲಿ ಆ ವ್ಯಾಪಾರವನ್ನು ಹದ್ದುಬಸ್ತಿಗೆ ತರಲು ಸರ್ಕಾರದ ಬೆಂಬಲದ ಕಂಪನಿಯೊಂದನ್ನು ಸ್ಥಾಪಿಸಿದ. ಆ ಸುಧಾರಣೆಯ ಭಾಗವಾಗಿ ಕಣಿವೆಯ ಎಲ್ಡರ್‌ಬೆರಿ ಗಿಡಗಳನ್ನೇ ಬುಡಸಮೇತ ಕೀಳಿಸಲಾಯಿತು. ಅದೇ ಬಣ್ಣಕ್ಕಾಗಿ ಇಂದು ಆಸ್ಟ್ರಿಯಾದ ಸ್ಟೈರಿಯಾದಲ್ಲಿ ಹಾಶ್‌ಬೆರ್ಗ್ ಎಂಬ ತಳಿಯನ್ನು ಸಾಲುಸಾಲಾಗಿ ನೆಟ್ಟು ಬೆಳೆಸುತ್ತಾರೆ. ಮೊಸರು, ಮಿಠಾಯಿಗಳ ಬಣ್ಣಕ್ಕೆ ಅದರ ರಸ ಹೋಗುತ್ತದೆ.

ರುಚಿಯನ್ನು ಹೇಗೆ ಹೇಳಲಿ? ಬರೀ ರಸ ನಾಲಗೆಗೆ ಒಗರು, ಹಿಂದಿನಿಂದ ಸ್ವಲ್ಪ ಹುಳಿ, ಮಣ್ಣಿನ ವಾಸನೆಯ ಒಂದು ಎಳೆ. ತಣ್ಣಗೆ ಕುಡಿದರೆ ಎಲ್ಲರಿಗೂ ಹಿಡಿಸದು. ಇದು ಬಿಸಿಯಾಗಿ ಕುಡಿಯುವ ರಸ. ಅರ್ಧ ರಸ, ಅರ್ಧ ನೀರು, ಒಂದು ಚೂರು ಚಕ್ಕೆ, ಒಂದೆರಡು ಲವಂಗ ಹಾಕಿ ಕಾಯಿಸಿ, ಇಳಿಸಿದ ಮೇಲೆ ಜೇನು. ಹ್ಯಾಂಬರ್ಗಿನ ನವೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗಿ, ಗಾಳಿಯೊಂದಿಗೆ ಅಡ್ಡಮಳೆ ಬೀಸುವಾಗ ಈ ಲೋಟ ಕೈಯಲ್ಲಿರಬೇಕು. ಉತ್ತರದವರು ಇದರ ಸಾರನ್ನೂ ಮಾಡುತ್ತಾರೆ. ರಸಕ್ಕೆ ಸ್ವಲ್ಪ ಕಾರ್ನ್‌ಫ್ಲೋರ್ ಕದಡಿ ಗಟ್ಟಿ ಮಾಡಿ, ನಿಂಬೆ ಸಿಪ್ಪೆ ಹಾಕಿ, ಸೇಬಿನ ಹೋಳು ಬೇಯಿಸಿ, ಹಾಲಿನಲ್ಲಿ ಬೆಂದ ರವೆಯ ಪುಟ್ಟ ಉಂಡೆಗಳನ್ನು ತೇಲಿಬಿಡುತ್ತಾರೆ. ಎಲ್ಬೆ ನದಿಯ ಆಚೆ ದಡದಲ್ಲಿ ಆಲ್ಟೆಸ್ ಲಾಂಡ್ ಎಂಬ ಸೇಬಿನ ಸೀಮೆಯಿದೆ. ಅಲ್ಲಿಯ ಹುಳಿ ಸೇಬು ಈ ಸಾರಿಗೆ ಹೇಳಿ ಮಾಡಿಸಿದ್ದು. ರವೆ ಉಂಡೆಗೆ ಮೊಟ್ಟೆ ಹಾಕುವುದು ಅವರ ಪದ್ಧತಿ, ನಾನು ತುಪ್ಪದಲ್ಲಿ ಹುರಿದ ರವೆಗೆ ಏಲಕ್ಕಿ ಸೇರಿಸುತ್ತೇನೆ. ಪಕ್ಕದ ಮನೆಯವರು ತಿಂದು ನೋಡಿ ಏಲಕ್ಕಿ ಇನ್ನು ಮುಂದೆಯೂ ಇರಲಿ ಎಂದರು.

ಔಷಧಿಯ ವಿಷಯಕ್ಕೆ ಬರೋಣ, ಯಾಕೆಂದರೆ ಹೆಚ್ಚಿನವರು ಇದನ್ನು ಕೊಳ್ಳುವುದು ಅದಕ್ಕಾಗಿಯೇ. 2004ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ ಫ್ಲೂ ಬಂದ 60 ಜನರಲ್ಲಿ ಎಲ್ಡರ್‌ಬೆರಿ ಸಿರಪ್ ಕುಡಿದವರು ಸರಾಸರಿ ನಾಲ್ಕು ದಿನ ಮೊದಲೇ ಹುಷಾರಾದರು ಎಂದಿತ್ತು. ಮಾರುವವರು ಇಂದಿಗೂ ಹಿಡಿದು ತೋರಿಸುವುದು ಅದನ್ನು. 2020ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನವರು ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ಯಾವ ಪ್ರಯೋಜನವೂ ಕಾಣಲಿಲ್ಲ. ಅದರ ಮಾತು ಮಾರುವವರ ಬಾಯಲ್ಲಿ ಬರುವುದಿಲ್ಲ. ಇಷ್ಟು ಸಣ್ಣ ಅಧ್ಯಯನಗಳನ್ನು ನೆಚ್ಚಿಕೊಂಡು ಮಗುವಿನ ಜ್ವರಕ್ಕೆ ಡಾಕ್ಟರ ಬದಲು ಶೀಸೆ ಹಿಡಿಯುವುದು ತಪ್ಪು. ನೆಗಡಿಯಾದಾಗ ಬಿಸಿಯಾದದ್ದನ್ನು ಕುಡಿದರೆ ಗಂಟಲಿಗೆ ಹಿತ, ಹಬೆಗೆ ಮೂಗು ಬಿಡುತ್ತದೆ, ಯಾರೋ ಕಾಯಿಸಿ ತಂದುಕೊಟ್ಟರೆಂಬ ನೆಮ್ಮದಿಯಿರುತ್ತದೆ. ನಾನು ಈ ರಸದಿಂದ ಬಯಸುವುದು ಅಷ್ಟನ್ನೇ, ಅದನ್ನು ಅದು ತಪ್ಪದೆ ಕೊಟ್ಟಿದೆ. ಬೆಂಗಳೂರಿನಲ್ಲಿ ಕುಳಿತು ಗಮ್ಮಿಗೆ ಸಾವಿರಾರು ರೂಪಾಯಿ ಸುರಿಯುವವರಿಗೆ ನನ್ನ ಸಲಹೆ ಕೇಳಿದರೆ, ಆ ದುಡ್ಡಿಗೆ ನಮ್ಮ ನೆಲ್ಲಿಕಾಯಿ, ನೇರಳೆ, ಮುರುಗಲು ತರಲಿ ಎನ್ನುತ್ತೇನೆ. ಎಲ್ಡರ್‌ಬೆರಿ ಅದು ಬೆಳೆಯುವ ನಾಡಿನವರ ಹಣ್ಣು, ಆ ನಾಡಿನ ಚಳಿಗೆ ಒದಗಿದ ಹಣ್ಣು.

ಆ ನಾಡಿನಲ್ಲಿ ನಮ್ಮವರೂ ಈಗ ಬಹಳ ಜನ ಇದ್ದಾರೆ. ಜರ್ಮನಿ, ಇಂಗ್ಲೆಂಡ್, ಡೆನ್ಮಾರ್ಕ್, ಆಸ್ಟ್ರಿಯಾ ಎಲ್ಲೇ ಇರಲಿ, ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಈ ಗಿಡ ಖಂಡಿತ ಇದೆ. ಗುರುತು ಹಿಡಿಯಲು ಗೊತ್ತಿರುವ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕೇಳಿದರೆ ಅವರು ಸಂತೋಷದಿಂದ ಬರುತ್ತಾರೆ, ಈಚೆಗೆ ಅವರನ್ನು ಯಾರೂ ಕೇಳುತ್ತಿಲ್ಲ. ಎಲೆ, ಕಡ್ಡಿ, ಹಸಿರು ಕಾಯಿ ಒಂದೂ ಪಾತ್ರೆಗೆ ಬೀಳದಂತೆ ನೋಡಿಕೊಳ್ಳಿ, ಕುದಿಸುವ ಹೊತ್ತಿನಲ್ಲಿ ಒಂದು ನಿಮಿಷವೂ ಕಡಿತ ಮಾಡಬೇಡಿ, ಎಟುಕದ ಗೊಂಚಲು ಹಕ್ಕಿಗಳಿಗಿರಲಿ. ತುಂಬಿಸಿದ ಶೀಸೆಗಳಲ್ಲಿ ಒಂದನ್ನು ಆ ಹಿರಿಯರ ಮನೆಗೆ ಕೊಟ್ಟು ಬನ್ನಿ.